ಅಕ್ಷರದ ಪೆಟ್ಟಿಗೆ

ಅಕ್ಷರವೆಂದರೆ ಕ್ಷರವಲ್ಲದುದು, ನಾಶವಿಲ್ಲದುದು ಎಂದು ಪಂಡಿತರು ಅರ್ಥ ಹೇಳುತ್ತಾರೆ. ಕೇಳುವುದಕ್ಕೆ ಬಹು ಗಂಭೀರವಾದ ಮಾತು. ಆದರೆ ಒಂದು ಜಿಲ್ಲಾ ಸಂಘದ ಮಾಸಪತ್ರಿಕೆಯನ್ನು ತಿಂಗಳು ತಿಂಗಳೂ ಅಚ್ಚಿಗೆ ಅಣಿಮಾಡುವ ಹೊಣೆ ಹೊತ್ತವರ ಮುಂದೆ ಈ ವ್ಯುತ್ಪತ್ತಿಯನ್ನು ಹೇಳಿದರೆ, ಅವರು ಮರ್ಯಾದೆಗಾಗಿ ತಲೆದೂಗಿ ಮನಸ್ಸಿನೊಳಗೆ ನಕ್ಕಾರು. ಸಂಜೆ ಒಂದು ಗಣಕಯಂತ್ರದಲ್ಲಿ ಮುತ್ತು ಪೋಣಿಸಿದಂತಿದ್ದ ಪುಟವು ಮರುದಿನ ಬೆಳಗ್ಗೆ ಇನ್ನೊಂದು ಯಂತ್ರದಲ್ಲಿ ಬರಿಯ ಚೌಕಗಳ ಸಾಲಾಗಿಯೋ, ಯಾವ ದೇಶದವರೂ ಓದಲಾರದ ಚಿಹ್ನೆಗಳ ಸಂತೆಯಾಗಿಯೋ ಕಾಣಿಸಿಕೊಳ್ಳುವುದನ್ನು ಅವರು ಎಷ್ಟೋ ಸಲ ನೋಡಿದ್ದಾರೆ. ಅರ್ಥ ಅಳಿಯುವುದಕ್ಕೆ ಶತಮಾನಗಳು ಬೇಕು, ಅಕ್ಷರ ಅಳಿಯುವುದಕ್ಕೆ ಒಂದು ರಾತ್ರಿ ಸಾಕು ಎಂಬುದು ಅವರು ಕಂಡುಕೊಂಡ ವೇದಾಂತ.

ಈ ಅಳಿವು ಹೇಗೆ ಸಂಭವಿಸುತ್ತದೆ, ಅದನ್ನು ತಡೆಯಲು ಇಂದಿನ ಯಂತ್ರಗಳು ತಾವಾಗಿಯೇ ಏನು ಮಾಡುತ್ತವೆ, ಅವುಗಳ ಆ ಸೇವೆಯನ್ನು ನಾವು ಎಲ್ಲಿಯವರೆಗೆ ನಂಬಬಹುದು ಎಂಬುದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ನನ್ನ ಮನಸ್ಸಿನಲ್ಲಿತ್ತು. ಇದು ಅಚ್ಚುಕೂಟದವರ ವಿಷಯ, ಸಾಹಿತ್ಯಾಭಿಮಾನಿಗಳಿಗೆ ಇದರಿಂದೇನು ಎಂದು ವಾಚಕ ಮಹಾಶಯರು ಭಾವಿಸಬಾರದು. ತಂದೆಯೋ ಅಜ್ಜನೋ ಗಣಕಯಂತ್ರದಲ್ಲಿ ಬರೆದಿಟ್ಟ ನಾಲ್ಕು ಪುಟ ಕನ್ನಡವು ಯಾವ ಮನೆಯಲ್ಲಿ ಉಳಿದಿದೆಯೋ ಆ ಮನೆಗೆಲ್ಲ ಇದು ಸಂಬಂಧಿಸಿದ ವಿಷಯವೇ.

ತಾಳೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರವು ಆ ಗರಿಗೇ ಸೇರಿದುದು. ಗರಿಯನ್ನು ಒಯ್ದಲ್ಲಿಗೆ ಅಕ್ಷರವೂ ಹೋಗುತ್ತದೆ. ಗರಿಗೆ ಹುಳು ಹಿಡಿದರೆ ಅಕ್ಷರಕ್ಕೂ ಹಿಡಿಯುತ್ತದೆ. ಇಬ್ಬರಿಗೂ ಒಂದೇ ಬಾಳು. 1843ರಲ್ಲಿ ಹೆರ್ಮನ್ ಮೋಗ್ಲಿಂಗ್ ಪಾದ್ರಿಗಳು ನಮ್ಮ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಮುದ್ರಿತವಾಯಿತು. ಕೈಯಿಂದ ಬರೆದುದೇ ಕಲ್ಲಿಗೆ ಇಳಿದು, ಕಲ್ಲಿನಿಂದ ಕಾಗದಕ್ಕೆ ಏರುತ್ತಿತ್ತು. ಅಲ್ಲಿಯೂ ಪುಟಕ್ಕೂ ಅಕ್ಷರಕ್ಕೂ ಅಗಲಿಕೆಯಿರಲಿಲ್ಲ. ಆಮೇಲೆ ಸೀಸ, ತವರ, ಅಂಟಿಮನಿಗಳನ್ನು ಕೂಡಿಸಿ ಎರಕ ಹೊಯ್ದ ಮೊಳೆಗಳು ಬಂದುವು. 1894ರಲ್ಲಿ ಬಾಸೆಲ್ ಮಿಷನ್ನಿನ ಅಚ್ಚುಕೂಟದಲ್ಲಿ ಕಿಟ್ಟೆಲರ ನಿಘಂಟು ಅಚ್ಚಾಗುವಾಗ ಅದರ ಸುಮಾರು 70,000 ಪದಗಳಿಗೆ ಬೇಕಾದ ಮೊಳೆಗಳನ್ನು ಕಂಪೋಸಿಟರುಗಳು ಖಾನೆಗಳಿಂದ ಒಂದೊಂದಾಗಿ ಎತ್ತಿ ಜೋಡಿಸಿದರು. ಪುಟ ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ಮತ್ತೆ ಅವುಗಳ ಖಾನೆಗೇ ಹಾಕುವರು. ಅಕ್ಷರವು ಪುಟವನ್ನು ಬಿಟ್ಟು ತನ್ನದೇ ಆದ ಮನೆಯಲ್ಲಿ ವಾಸಿಸತೊಡಗಿದುದು ಆಗ.

ಒಂದೇ ಮಾಟದ, ಒಂದೇ ಅಳತೆಯ ಮೊಳೆಗಳ ಪೂರ್ಣವಾದ ಗಣಕ್ಕೆ ಇಂಗ್ಲಿಷಿನಲ್ಲಿ ಫಾಂಟು ಎಂದು ಹೆಸರು. ಕರಗಿಸಿ ಎರಕ ಹೊಯ್ಯುವುದೆಂಬ ಅರ್ಥದ ಫ್ರೆಂಚ್ ಮಾತಿನಿಂದ ಅದು ಹುಟ್ಟಿತು. ಈಗ ಕರಗಿಸುವುದೂ ಇಲ್ಲ, ಹೊಯ್ಯುವುದೂ ಇಲ್ಲ. ಹೆಸರು ಮಾತ್ರ ಉಳಿದಿದೆ. ಮೊಳೆಯ ಕಾಲದಲ್ಲಿ ಕರಡು ತಿದ್ದುವವರಿಗೆ ಒಂದು ಗುರುತಿತ್ತು: ಬೇರೆ ಮಾಟದ ಮೊಳೆಯೊಂದು ತಪ್ಪಿ ಸಾಲಿನೊಳಗೆ ಸೇರಿಕೊಂಡಿದ್ದರೆ ಅವರು ಅಂಚಿನಲ್ಲಿ ‘ಡಬ್ಲ್ಯು. ಎಫ್.’ ಎಂದು ಬರೆಯುತ್ತಿದ್ದರು. ಇದು ಅನ್ಯಗಣದ ಅಕ್ಷರ, ತೆಗೆದುಹಾಕು ಎಂದರ್ಥ. ಆಗ ಹಾಗೆ ತಪ್ಪುತ್ತಿದ್ದುದು ಒಂದೋ ಎರಡೋ ಮೊಳೆ. ಈಗ ತಪ್ಪಿದರೆ ಇಡಿಯ ಗ್ರಂಥವೇ ತಪ್ಪುತ್ತದೆ.

ಅದಕ್ಕೆ ಕಾರಣವಿಷ್ಟು. ಗಣಕಯಂತ್ರದಲ್ಲಿ ನಾವು ಪುಟವೆಂದು ಉಳಿಸಿಡುವ ಕಡತದಲ್ಲಿ ಸಾಧಾರಣವಾಗಿ ಅಕ್ಷರದ ಆಕಾರವೇ ಇರುವುದಿಲ್ಲ. ಎಷ್ಟನೆಯ ಅಕ್ಷರ ಎಂಬ ಸಂಖ್ಯೆ ಇರುತ್ತದೆ. ಅದನ್ನು ಇಂಥ ಫಾಂಟಿನಿಂದ ತೋರಿಸು ಎಂಬ ಒಂದು ಹೆಸರಿರುತ್ತದೆ. ಆಕಾರವೆಲ್ಲ ಯಂತ್ರದ ಇನ್ನೊಂದು ಮೂಲೆಯಲ್ಲಿ, ಫಾಂಟು ಎಂಬ ಬೇರೊಂದು ಕಡತದಲ್ಲಿ. ನಮ್ಮ ಕಡೆಯ ಯಕ್ಷಗಾನವನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಪ್ರಸಂಗದ ಪುಸ್ತಕದಲ್ಲಿ ಮಹಿಷಾಸುರನು ಬಂದನೆಂದು ಬರೆದಿರುತ್ತದೆ. ಆದರೆ ಅವನ ಕೊಂಬುಗಳು ಪುಸ್ತಕದೊಳಗಿಲ್ಲ, ಚೌಕಿಯಲ್ಲಿಟ್ಟ ಪೆಟ್ಟಿಗೆಯೊಳಗಿವೆ. ಮೇಳ ಊರಿಗೆ ಬಂದು ಪೆಟ್ಟಿಗೆ ಬಾರದಿದ್ದರೆ ಭಾಗವತರು ಎಷ್ಟು ಚೆನ್ನಾಗಿ ಹಾಡಿದರೂ ಮಹಿಷಾಸುರನು ಕೊಂಬಿಲ್ಲದೆಯೇ ಬರಬೇಕು. ಅದಕ್ಕಿಂತ ಕಷ್ಟದ ಸಂಗತಿಯೆಂದರೆ, ಯಂತ್ರಕ್ಕೆ ಸುಮ್ಮನಿರಲು ಬಾರದು; ಮಹಿಷಾಸುರನ ವೇಷ ಸಿಕ್ಕದಿದ್ದರೆ ಕೈಗೆ ಸಿಕ್ಕಿದ ನಾರದನ ವೇಷವನ್ನೇ ಅವನಿಗೆ ತೊಡಿಸಿ ರಂಗಸ್ಥಳಕ್ಕೆ ಕಳುಹಿಸಿಬಿಡುತ್ತದೆ.

ಮೊದಮೊದಲು ಯಂತ್ರವೊಂದರಲ್ಲಿ ಇರುತ್ತಿದ್ದ ಫಾಂಟುಗಳು ಬೆರಳೆಣಿಕೆಯವು. ಲೇಸರ್ ಮುದ್ರಕವೂ 1985ರಲ್ಲಿ ಪೇಜ್‌ಮೇಕರ್ ಎಂಬ ಪುಟ ಕಟ್ಟುವ ತಂತ್ರಾಂಶವೂ ಬಂದ ಮೇಲೆ ಮೇಜಿನ ಮೇಲೆಯೇ ಅಚ್ಚುಕೂಟ ನಡೆಸುವ ಪದ್ಧತಿ ಹರಡಿತು; ಫಾಂಟುಗಳು ನೂರಾದುವು, ಸಾವಿರವಾದುವು. ಎಲ್ಲವನ್ನೂ ಒಟ್ಟಿಗೆ ಎಚ್ಚರವಾಗಿಟ್ಟರೆ ಯಂತ್ರ ಮಂದವಾಗುತ್ತದೆ. ಪಟ್ಟಿಯಲ್ಲಿ ಬೇಕಾದುದನ್ನು ಹುಡುಕುವಷ್ಟರಲ್ಲಿ ಮನುಷ್ಯನೂ ಮಂದನಾಗುತ್ತಾನೆ. ಆದುದರಿಂದ ಬೇಕಾದಾಗ ಎಬ್ಬಿಸಿ, ಬೇಡವಾದಾಗ ಮಲಗಿಸುವ ಒಬ್ಬ ಪಾರುಪತ್ತೆಗಾರನ ಅಗತ್ಯ ಉಂಟಾಯಿತು. ಆ ಕಾಲದ ಮ್ಯಾಕಿಂಟಾಷ್ ಗಣಕಗಳಲ್ಲಿ ಫಾಂಟುಗಳನ್ನು ತುಂಬಿದ ಕಡತಕ್ಕೆ ಸೂಟ್‌ಕೇಸ್ ಎಂದೇ ಹೆಸರು. ಮುಂದೆ ಅದೇ ಹೆಸರಿನ ಒಂದು ತಂತ್ರಾಂಶವೂ ಬಂದಿತು. ಎಕ್ಸ್‌ಟೆನ್ಸಿಸ್ ಸಂಸ್ಥೆಯವರು ಬಹುಕಾಲ ಅದನ್ನು ಬೆಳೆಸಿದರು. ಚೌಕಿಯ ಪೆಟ್ಟಿಗೆಗೂ ಇದಕ್ಕೂ ಹೆಸರು ಕೂಡ ಒಂದೇ ಆದುದು ನನಗೆ ತಮಾಷೆಯಾಗಿ ಕಾಣುತ್ತದೆ.

ಈ ಪಾರುಪತ್ತೆಗಾರನು ಕೆಲಸ ಮಾಡುವ ಬಗೆ ಹೀಗೆ. ಪುಟ ಕಟ್ಟುವ ಇನ್‌ಡಿಸೈನ್, ಚಿತ್ರ ಬರೆಯುವ ಇಲ್ಲಸ್ಟ್ರೇಟರ್, ಛಾಯಾಚಿತ್ರ ತಿದ್ದುವ ಫೋಟೋಶಾಪ್ ಈ ಮೊದಲಾದ ತಂತ್ರಾಂಶಗಳಲ್ಲಿ ಒಂದೊಂದರೊಳಗೂ ಅವನು ತನ್ನ ಒಬ್ಬ ಆಳನ್ನು ಕೂರಿಸಿರುತ್ತಾನೆ. ನಾವು ಕಡತವನ್ನು ತೆರೆದ ಕೂಡಲೆ ಆ ಆಳು ಅದರಲ್ಲಿರುವ ಫಾಂಟುಗಳ ಹೆಸರನ್ನೆಲ್ಲ ಓದಿಕೊಂಡು ಒಡೆಯನಿಗೆ ವರದಿ ಮಾಡುತ್ತಾನೆ. ಒಡೆಯನು ಉಗ್ರಾಣದಲ್ಲಿ ಹುಡುಕಿ, ಬೇಕಾದುವನ್ನು ಮಾತ್ರ ಎಬ್ಬಿಸುತ್ತಾನೆ. ಮನುಷ್ಯನು ಒಂದು ಗುಂಡಿಯನ್ನೂ ಒತ್ತಬೇಕಾಗಿಲ್ಲ. ಪರದೆಯ ಮೇಲೆ ಪುಟ ಸರ್ವಾಲಂಕೃತವಾಗಿ ನಿಲ್ಲುತ್ತದೆ. 2009ರಲ್ಲಿ ಟೈಪ್‌ಕಿಟ್ ಎಂದು ಹುಟ್ಟಿ, 2011ರಲ್ಲಿ ಅಡೋಬಿ ಸಂಸ್ಥೆಗೆ ಸೇರಿ, 2018ರಲ್ಲಿ ಅಡೋಬಿ ಫಾಂಟ್ಸ್ ಎಂಬ ಹೆಸರು ಪಡೆದ ಭಂಡಾರವಂತೂ ಉಗ್ರಾಣವನ್ನೇ ನಮ್ಮ ಮನೆಯಿಂದ ಹೊರಗಿಟ್ಟಿತು. ಕಡತದಲ್ಲಿ ಹೆಸರಿರುವ ಫಾಂಟು ಆ ಭಂಡಾರದಲ್ಲಿದ್ದರೆ ಅಂತರಜಾಲದ ಮೂಲಕ ತಾನಾಗಿಯೇ ಇಳಿದು ಬರುತ್ತದೆ. ಹಿಂದೆ ಅರ್ಧ ದಿನ ಹಿಡಿಯುತ್ತಿದ್ದ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಇದನ್ನು ಹಳಿಯುವುದು ಕೃತಘ್ನತೆ, ನಾನು ಹಳಿಯುವವನಲ್ಲ.

ಆದರೆ ಇಲ್ಲಿ ಕನ್ನಡಿಗರಾದ ನಾವು ಗಮನಿಸಬೇಕಾದ ಒಂದು ವಿಶೇಷವಿದೆ. ಇಂಗ್ಲಿಷಿನವನ ಫಾಂಟು ಕಾಣೆಯಾದರೆ ಅವನ ಪುಟದ ಅಂದ ಕೆಡುತ್ತದೆ. ಸಾಲುಗಳು ಹಿಗ್ಗಿಯೋ ಕುಗ್ಗಿಯೋ ಒಂದು ಪುಟದ ಕೊನೆಯ ಮಾತು ಮುಂದಿನ ಪುಟಕ್ಕೆ ಜಾರುತ್ತದೆ. ಆದರೂ ಅವನ ‘ಏ’ ‘ಏ’ಯಾಗಿಯೇ ಉಳಿಯುತ್ತದೆ, ಬಡವನ ಬಟ್ಟೆ ಉಟ್ಟರೂ ಆಳು ಅವನೇ. ನಮ್ಮ ಹಳೆಯ ಕಡತಗಳಲ್ಲಿ ಫಾಂಟು ಹೋದರೆ ಭಾಷೆಯೇ ಹೋಗುತ್ತದೆ.

ಹಳೆಯ ಪದ್ಧತಿಯ ಫಾಂಟಿನಲ್ಲಿ ಒಟ್ಟು 256 ಮನೆಗಳು. ಅವುಗಳಲ್ಲಿ ಕೆಲವು ಯಂತ್ರದ ಸ್ವಂತ ಕೆಲಸಕ್ಕೆ ಮೀಸಲು. ನಮ್ಮ ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಪೂರ್ಣರೂಪದಲ್ಲಿ ಅಷ್ಟರೊಳಗೆ ಇಡುವುದು ಸಾಧ್ಯವಿರಲಿಲ್ಲ. ಆದುದರಿಂದ ಅಕ್ಷರವನ್ನು ಬಿಡಿಬಿಡಿ ಅಂಗಗಳಾಗಿ ಬಿಡಿಸಿ, ಮೈ ಒಂದು ಮನೆಯಲ್ಲಿ, ತಲೆಕಟ್ಟು ಒಂದು ಮನೆಯಲ್ಲಿ, ಕೊಂಬು, ದೀರ್ಘ, ಒತ್ತು ಇವು ಬೇರೆ ಬೇರೆ ಮನೆಗಳಲ್ಲಿ ಎಂದು ಇಂಗ್ಲಿಷ್ ಮೊದಲಾದ ಭಾಷೆಗಳ ಅಕ್ಷರಗಳಿಗೆ ಸೇರಿದ ಜಾಗಗಳಲ್ಲಿ ಅವನ್ನು ಬಾಡಿಗೆಗೆ ಕೂರಿಸಿದರು. ನುಡಿ ತಂತ್ರಾಂಶದ ಹಳೆಯ ಸಂಕೇತಕ್ರಮದಲ್ಲಿ ‘ಕನ್ನಡ’ ಎಂಬ ಮಾತನ್ನು ಬರೆದು ಫಾಂಟನ್ನು ತೆಗೆದು ನೋಡಿರಿ. ಇಂಗ್ಲಿಷಿನ ‘ಪಿ’, ನೆತ್ತಿಯ ಮೇಲೆ ಗೀಟುಳ್ಳ ‘ಏ’, ಪೌಂಡು ನಾಣ್ಯದ ಗುರುತು, ಮತ್ತೆ ಅದೇ ಗೀಟಿನ ‘ಏ’, ಜರ್ಮನರ ಜೋಡು ‘ಎಸ್’, ‘ಕ್ಯೂ’, ಕೊನೆಗೆ ಇನ್ನೊಮ್ಮೆ ಗೀಟಿನ ‘ಏ’. ಹೀಗೆ ಏಳು ಚಿಹ್ನೆಗಳು ಸಾಲಾಗಿ ನಿಲ್ಲುತ್ತವೆ. ಮೂರು ಸಲ ಬಂದ ಗೀಟಿನ ‘ಏ’ ನಮ್ಮ ಮೂರು ತಲೆಕಟ್ಟುಗಳು. ನಕಾರದ ಮನೆಯಲ್ಲಿ ಪೌಂಡು, ನಕಾರದ ಒತ್ತಿನ ಮನೆಯಲ್ಲಿ ಜರ್ಮನರ ‘ಎಸ್’. ಕಡತದೊಳಗೆ ನಿಜವಾಗಿ ಇರುವುದು ಅದೇ. ಅದನ್ನು ಕನ್ನಡವೆಂದು ನಮಗೆ ತೋರಿಸುತ್ತಿದ್ದುದು ಫಾಂಟೊಂದೇ.

ಈ ಏರ್ಪಾಟನ್ನು ಕಂಡು ಇಂದು ನಗುವುದು ಸುಲಭ, ಅದು ನ್ಯಾಯವಲ್ಲ. ಯಂತ್ರಗಳನ್ನು ನಿರ್ಮಿಸಿದ ದೇಶಗಳವರಿಗೆ ನಮ್ಮ ಲಿಪಿಯ ಚಿಂತೆಯಿಲ್ಲದಿದ್ದ ದಿನಗಳಲ್ಲಿ ಕನ್ನಡವನ್ನು ಯಂತ್ರದೊಳಗೆ ಹೇಗಾದರೂ ಒಯ್ದು ಕೂರಿಸಿದವರು ನಮ್ಮವರೇ. ನಮ್ಮ ಜಿಲ್ಲೆಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾಯರು ಕೀಲಿಮಣೆಯಲ್ಲಿ ಕನ್ನಡವನ್ನು ಬೆರಳಿಗೆ ಒಗ್ಗುವಂತೆ ಅಳವಡಿಸಿ, ತಮ್ಮ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗಾಗಿ ‘ಸೇಡಿಯಾಪು’ ಎಂದು ಹೆಸರಿಟ್ಟರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂದಿತು. ಕನ್ನಡ ಗಣಕ ಪರಿಷತ್ತಿನವರು ‘ನುಡಿ’ಯನ್ನು ಸಿದ್ಧಪಡಿಸಿದರು. ಇವರ ಶ್ರಮವಿಲ್ಲದಿದ್ದರೆ ನಮ್ಮಲ್ಲಿ ಅನೇಕರು ಇಂದಿಗೂ ಲೇಖನಿಯನ್ನೇ ಹಿಡಿದಿರುತ್ತಿದ್ದೆವು.

ಲೋಕದ ಲಿಪಿಗಳಿಗೆಲ್ಲ ಸ್ವಂತ ಮನೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಹೊರಟಿತು. ಅದರಲ್ಲಿ ಕನ್ನಡಕ್ಕೆಂದೇ 128 ಮನೆಗಳ ಒಂದು ಕೇರಿ ಮೀಸಲಾಯಿತು. ಅಲ್ಲಿ ‘ಕನ್ನಡ’ ಎಂದರೆ ಕ, ನ, ಅರೆಯಾಗಿಸುವ ಗುರುತು, ಮತ್ತೆ ನ, ಡ ಎಂಬ ಐದೇ ಸಂಕೇತಗಳು, ಐದೂ ಕನ್ನಡದವೇ. ಆದರೆ ಕಾನೂನು ಬಂದ ದಿನವೇ ಊರು ತಿದ್ದಿಕೊಳ್ಳುವುದಿಲ್ಲ. ಯೂನಿಕೋಡ್ ಕನ್ನಡವನ್ನು ತೋರಿಸುವ ‘ತುಂಗಾ’ ಫಾಂಟು ಮೈಕ್ರೋಸಾಫ್ಟಿನವರ ವಿಂಡೋಸ್ ಎಕ್ಸ್‌ಪಿಯೊಡನೆ ಬಂದುದು 2001ರಲ್ಲಿ. ಇನ್‌ಡಿಸೈನಿನಲ್ಲಿ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳನ್ನು ನೇರಾಗಿ ಕೂಡಿಸುವ ಅನುಕೂಲ ಆದುದು 2012ರಲ್ಲಿ. ಅಷ್ಟರೊಳಗೆ ವಾರ್ತಾಪತ್ರಗಳು, ಪಠ್ಯಪುಸ್ತಕಗಳು, ಸ್ಮರಣ ಸಂಚಿಕೆಗಳು, ನಮ್ಮಂಥ ಸಂಘಗಳ ಪತ್ರಿಕೆಗಳು ಇವೆಲ್ಲ ಬಾಡಿಗೆಯ ಮನೆಯಲ್ಲಿಯೇ ಬೆಳೆದು ದೊಡ್ಡವಾಗಿದ್ದುವು. ಆ ಕಡತಗಳಿಗೆ ಜೀವವೆಂದರೆ ಅವುಗಳ ಫಾಂಟು. ಈ ಹಿನ್ನೆಲೆಯಲ್ಲಿ ಪೆಟ್ಟಿಗೆಯವನ ಸೇವೆಯನ್ನು ತೂಗಿ ನೋಡಬೇಕು.

ಇನ್ನು ನಮ್ಮ ಸಂಘದಲ್ಲಿ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. ನಿವೃತ್ತ ಉಪಾಧ್ಯಾಯರೊಬ್ಬರು ಹತ್ತಾರು ವರ್ಷ ಕಾಲ್ನಡೆಯಲ್ಲಿ ತಿರುಗಿ, ತಮ್ಮ ತಾಲ್ಲೂಕಿನ ಗದ್ದೆಗಳ, ತೋಡುಗಳ, ಪದವುಗಳ ಹೆಸರುಗಳನ್ನು ಕೂಡಿಹಾಕಿದ್ದರು. ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯ ಗದ್ದೆಗಳಿಗೂ ನಮ್ಮ ಹಿರಿಯರು ಮಕ್ಕಳಿಗೆ ಇಟ್ಟಂತೆ ಒಂದೊಂದು ಹೆಸರಿಟ್ಟಿದ್ದರಷ್ಟೆ. ಸಾವಿರಕ್ಕೂ ಮೇಲ್ಪಟ್ಟ ಅಂಥ ಹೆಸರುಗಳು. ಪ್ರತಿಯೊಂದಕ್ಕೂ ಒಂದೆರಡು ಸಾಲಿನ ವಿವರಣೆ. ಪಟ್ಟಣದ ಒಂದು ಸಣ್ಣ ಅಚ್ಚುಕೂಟದಲ್ಲಿ ಅದನ್ನು ಗಣಕಯಂತ್ರಕ್ಕೆ ಏರಿಸಿಯೂ ಇದ್ದರು. ಅಚ್ಚು ಹಾಕಿಸಲು ಹಣ ಒದಗಲಿಲ್ಲ; ಅಷ್ಟರಲ್ಲಿ ಅವರೇ ತೀರಿಕೊಂಡರು. 2019ರಲ್ಲಿ ಅವರ ಮಗಳು ಒಂದು ಸಿ.ಡಿ.ಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು, ಇದು ನಮ್ಮ ಪತ್ರಿಕೆಯಲ್ಲಿ ಕಂತುಕಂತಾಗಿ ಬರುವುದಾದರೆ ತಂದೆಯವರ ಆತ್ಮಕ್ಕೆ ಶಾಂತಿ ಎಂದು ಕೊಟ್ಟರು.

ನಮ್ಮ ಪುಟ ಕಟ್ಟುವ ಹುಡುಗನು ಕಡತವನ್ನು ತೆರೆದನು. ಯಂತ್ರದ ಪಾರುಪತ್ತೆಗಾರನು ಎಂದಿನಂತೆ ಉಗ್ರಾಣವನ್ನು ಹುಡುಕಿ ಫಾಂಟುಗಳನ್ನು ಎಬ್ಬಿಸಿದನು. ಪುಟ ಅಚ್ಚುಕಟ್ಟಾಗಿ ಮೂಡಿತು. ಫಾಂಟು ಸಿಕ್ಕದಿದ್ದರೆ ಇನ್‌ಡಿಸೈನ್ ಆ ಸಾಲುಗಳ ಹಿಂದೆ ಗುಲಾಬಿ ಬಣ್ಣದ ಪಟ್ಟೆ ಹಾಕಿ ಎಚ್ಚರಿಸುವುದುಂಟು. ಅಂಥ ಪಟ್ಟೆ ಒಂದೂ ಇರಲಿಲ್ಲ. ಎಲ್ಲರಿಗೂ ಸಂತೋಷವಾಯಿತು. ಮೊದಲ ಕಂತಿನ ಕರಡನ್ನು ತೆಗೆದು ಆ ಮಗಳಿಗೆ ತೋರಿಸಿದೆವು. ಅವರು ಎರಡು ಪುಟ ಓದಿ, ಮೂರನೆಯ ಪುಟದಲ್ಲಿ ಬೆರಳಿಟ್ಟು ನಿಂತರು.

“ಮಾಷ್ಟ್ರೆ, ಇದು ನಮ್ಮ ಮನೆಯದೇ ಗದ್ದೆಯ ಹೆಸರು. ಇಲ್ಲಿ ‘ತೊಡಬರಿ’ ಎಂದಿದೆಯಲ್ಲ? ತೋಡಿನ ಬರಿಯಲ್ಲಿರುವುದರಿಂದ ಅದು ತೋಡಬರಿ. ಅಪ್ಪ ಇದನ್ನು ಹೀಗೆ ಬರೆಯುವವರಲ್ಲ.”

ಹುಡುಗನು ಯಂತ್ರವನ್ನು ಮತ್ತೊಮ್ಮೆ ನೋಡಿ, “ಫಾಂಟು ಸರಿಯಾಗಿಯೇ ಇದೆಯಲ್ಲ ಅಕ್ಕಾ, ಹೆಸರು ಕೂಡ ಅದೇ. ಕಾಣೆಯಾದದ್ದು ಯಾವುದೂ ಇಲ್ಲವೆಂದು ಇದು ಹೇಳುತ್ತಿದೆ” ಎಂದನು. ಅವನು ಹೇಳಿದುದು ನಿಜವೇ. ಆ ಅಕ್ಕ ಹೇಳಿದುದೂ ನಿಜವೇ.

ಶೋಧಿಸಿ ನೋಡಿದಾಗ ತಿಳಿದುದು ಇಷ್ಟು. ಉಪಾಧ್ಯಾಯರು ವಿವರಣೆಯನ್ನು ಸಾಮಾನ್ಯ ಅಕ್ಷರದಲ್ಲಿಯೂ ಹೆಸರುಗಳನ್ನು ಮಾತ್ರ ದಪ್ಪ ಅಕ್ಷರದಲ್ಲಿಯೂ ಕೂಡಿಸಿಸಿದ್ದರು. ಸಾಮಾನ್ಯ ಅಕ್ಷರದ ಫಾಂಟು ಮೊದಲಿದ್ದುದೇ ಸಿಕ್ಕಿತ್ತು. ದಪ್ಪ ಅಕ್ಷರದ ಫಾಂಟು ಮಾತ್ರ ಅದೇ ಹೆಸರಿನ ಬೇರೊಂದು ಆವೃತ್ತಿ. ಅದರಲ್ಲಿ ದೀರ್ಘದ ಗುರುತನ್ನು ಬೇರೊಂದು ಮನೆಗೆ ಸಾಗಿಸಿ, ಹಳೆಯ ಮನೆಯನ್ನು ಬರಿದಾಗಿ ಬಿಟ್ಟಿದ್ದರು. ಹೀಗಾಗಿ ಹೆಸರುಗಳಲ್ಲಿ ದೀರ್ಘವಿರಬೇಕಾದ ಕಡೆಗಳಲ್ಲೆಲ್ಲ ಕೂದಲೆಳೆಯಷ್ಟು ಬಿಳಿಯ ತೆರಪು ಬಿದ್ದಿತ್ತು. ವಿವರಣೆಯಲ್ಲಿ ಹೀಗಾಗಿದ್ದರೆ ‘ದೇವರು’ ‘ದೆವರು’ ಆದುದನ್ನು ಕುರುಡನೂ ಕಾಣುತ್ತಿದ್ದನು. ಹೆಸರುಗಳ ಗತಿ ಹಾಗಲ್ಲ. ಬೀಡು ‘ಬಿಡು’ವಾದರೆ ಒಂದು ಹೊತ್ತು ಅನುಮಾನ ಬಂದೀತು. ಕೋಡಿ ‘ಕೊಡಿ’ಯಾದರೆ ಯಾರಿಗೆ ಅನುಮಾನ? ಕೆರೆಯ ಹೆಚ್ಚಿನ ನೀರು ಹೊರಬೀಳುವ ಎಡೆಗೆ ಕೋಡಿಯೆನ್ನುತ್ತಾರೆ. ತುದಿಗೂ ಚಿಗುರಿಗೂ ಕೊಡಿಯೆನ್ನುತ್ತಾರೆ. ಎರಡೂ ನಮ್ಮ ನೆಲದ ಮಾತುಗಳೇ, ಎರಡೂ ಊರಿನ ಹೆಸರಿನಲ್ಲಿ ಸಲ್ಲುವುವೇ. ಸರಿಯಾದುದು ಯಾವುದೆಂದು ಬಲ್ಲವರು ಒಬ್ಬರೇ ಇದ್ದರು; ಅವರು ಈಗ ಇರಲಿಲ್ಲ.

ಆಮೇಲೆ ಆ ಹಳೆಯ ಅಚ್ಚುಕೂಟವನ್ನು ಹುಡುಕಿಕೊಂಡು ಹೋದೆವು. ಅದು ಮುಚ್ಚಿ ವರ್ಷಗಳಾಗಿದ್ದುವು. ಒಡೆಯರು ಸಜ್ಜನರು, ಅಟ್ಟದ ಮೇಲೆ ಧೂಳು ಹಿಡಿದಿದ್ದ ಯಂತ್ರವನ್ನು ಇಳಿಸಿಕೊಟ್ಟರು. ಎರಡು ದಿನದ ಉಪಚಾರದ ಮೇಲೆ ಅದು ಕಣ್ಣು ತೆರೆಯಿತು. ಅದರೊಳಗೆ ಮೂಲದ ದಪ್ಪ ಅಕ್ಷರದ ಫಾಂಟು ಕುಳಿತಿತ್ತು. ಅದನ್ನು ತಂದು, ಅದೇ ಹೆಸರಿನ ಇನ್ನೊಂದನ್ನು ಮಲಗಿಸಿ, ಕಡತವನ್ನು ತೆರೆದಾಗ ದೀರ್ಘಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಬಂದು ನಿಂತುವು. ಆ ಬಳಿಕ ಪಠ್ಯವನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿದೆವು. ಪರಿವರ್ತಿಸುವ ತಂತ್ರಾಂಶವನ್ನೂ ಸುಮ್ಮನೆ ನಂಬದೆ, ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಹಳೆಯ ಪ್ರತಿಯೊಡನೆ ತಾಳೆ ನೋಡುವುದು ಎಂದು ಹನ್ನೊಂದು ಸಂಜೆ ಕುಳಿತೆವು. ಓದಿದವರು ಆ ಮಗಳೇ.

ಈ ಸಂಗತಿಯಲ್ಲಿ ತಪ್ಪು ಯಾರದು ಎಂದು ಹುಡುಕುವುದರಲ್ಲಿ ಅರ್ಥವಿಲ್ಲ. ಯಂತ್ರಕ್ಕೆ ಒಂದು ಹೆಸರು ಕೊಟ್ಟಿದ್ದರು. ಅದು ಆ ಹೆಸರಿನವನನ್ನು ಕರೆತಂದಿತು. ಒಂದು ಊರಿನಲ್ಲಿ ಮೂವರು ಸುಬ್ಬಣ್ಣರಿದ್ದರೆ, ಸುಬ್ಬಣ್ಣನನ್ನು ಕರೆ ಎಂದು ಕಳುಹಿಸಿದ ಆಳು ಯಾರನ್ನು ಕರೆದರೂ ಆಜ್ಞೆಯನ್ನು ಪಾಲಿಸಿದಂತೆಯೇ. ಈ ತೊಡಕನ್ನು ಫಾಂಟಿನ ವ್ಯಾಪಾರದವರೂ ಅರಿತಿದ್ದಾರೆ. ಸೂಟ್‌ಕೇಸಿನವರು ಫಾಂಟ್ ಸೆನ್ಸ್ ಎಂಬ ಉಪಾಯವನ್ನು ಮಾಡಿದರು. ಅದು ಹೆಸರೊಂದನ್ನೇ ನೆಚ್ಚದೆ, ಫಾಂಟಿನ ಬಗೆ, ತಯಾರಿಸಿದವರು, ಆವೃತ್ತಿ ಮೊದಲಾದ ಕುಲಗೋತ್ರಗಳನ್ನೆಲ್ಲ ಕಡತದಲ್ಲಿ ಗುರುತು ಮಾಡಿಟ್ಟುಕೊಳ್ಳುತ್ತದೆ. ಒಳ್ಳೆಯ ಕೆಲಸ. ಆದರೆ ಆ ಗುರುತಿಲ್ಲದೆ ಹುಟ್ಟಿದ ಹಳೆಯ ಕಡತಕ್ಕೆ ಅದು ಹೆಸರನ್ನಲ್ಲದೆ ಬೇರೇನನ್ನು ಕೇಳೀತು?

ನಾನು ಕಂಡುಕೊಂಡ ತತ್ತ್ವ ಇಷ್ಟೆ: ತರುವ ಕೆಲಸವನ್ನು ಯಂತ್ರಕ್ಕೆ ಬಿಡಬಹುದು, ಓದುವ ಕೆಲಸವನ್ನು ಬಿಡಬಾರದು. ಫಾಂಟು ಸಿಕ್ಕಲಿಲ್ಲವೆಂದು ಪುಟವು ಕೂಗಿಕೊಂಡರೆ ಭಯವಿಲ್ಲ. ಕೂಗುವ ಮಗುವನ್ನು ಎಲ್ಲರೂ ನೋಡುತ್ತಾರೆ. ಸಿಕ್ಕಿತೆಂದು ಸುಮ್ಮನಾದ ಪುಟವನ್ನೇ ಎರಡು ಸಲ ನೋಡಬೇಕು. ಯಂತ್ರದ ಸೇವೆ ಹೆಚ್ಚಿದಷ್ಟೂ ನಮ್ಮ ಕಣ್ಣಿನ ಕೆಲಸ ಕಡಮೆಯಾಗುವುದೆಂದು ನಾವು ತಿಳಿದಿದ್ದೇವೆ. ಹಾಗಾಗಲಿಲ್ಲ, ಮೊದಲು ಅಂಗಡಿಯ ಬಾಗಿಲಲ್ಲಿ ನಿಲ್ಲುತ್ತಿದ್ದ ಕಾವಲುಗಾರನು ಈಗ ಉಗ್ರಾಣದೊಳಗೆ ನಿಲ್ಲಬೇಕಾಗಿದೆ, ಅಷ್ಟೆ.

ನಮ್ಮ ಸಂಘದಲ್ಲಿ ಅಂದಿನಿಂದ ಕೆಲವು ಪದ್ಧತಿಗಳನ್ನು ಇಟ್ಟುಕೊಂಡಿದ್ದೇವೆ. ಇತರರಿಗೂ ಉಪಯೋಗವಾದೀತೆಂದು ಹೇಳುತ್ತೇನೆ. ಹೊಸ ಬರಹವೆಲ್ಲ ಯೂನಿಕೋಡಿನಲ್ಲಿಯೇ. ಹಾಗೆ ಬರೆದರೆ ಫಾಂಟು ಹೋದರೂ ಮಾತು ಉಳಿಯುತ್ತದೆ. ಸಂಚಿಕೆ ಮುಗಿದ ಕೂಡಲೆ ಪುಟಗಳನ್ನೂ ಚಿತ್ರಗಳನ್ನೂ ಫಾಂಟುಗಳನ್ನೂ ಒಂದೇ ಗಂಟಾಗಿ ಕಟ್ಟಿಡುತ್ತೇವೆ. ಇನ್‌ಡಿಸೈನಿನಲ್ಲಿ ಇದಕ್ಕೆ ಏರ್ಪಾಟಿದೆ. 2010ರ ಆವೃತ್ತಿಯಿಂದ ಈಚೆಗೆ, ಗಂಟಿನೊಳಗಿನ ಫಾಂಟುಗಳು ಆ ಕಡತವನ್ನು ತೆರೆದಾಗ ಅದಕ್ಕೆ ಮಾತ್ರ ತಾವಾಗಿಯೇ ಎಚ್ಚರಗೊಳ್ಳುತ್ತವೆ. ವೇಷವನ್ನು ಪ್ರಸಂಗದ ಜೊತೆಗೇ ಕಟ್ಟಿದಂತಾಯಿತು. ಆದರೆ ಅಡೋಬಿ ಫಾಂಟ್ಸ್ ಭಂಡಾರದಿಂದ ಇಳಿದುಬಂದ ಫಾಂಟುಗಳು ಈ ಗಂಟಿಗೆ ಸೇರುವುದಿಲ್ಲ. ಅವು ಚಂದಾ ಸಲ್ಲುವವರೆಗಿನ ನೆಂಟರು. ಆದುದರಿಂದ ಬಹುಕಾಲ ಉಳಿಯಬೇಕಾದ ಬರಹಕ್ಕೆ, ಎಲ್ಲರೂ ಇಟ್ಟುಕೊಳ್ಳಲು ಹಂಚಲು ಅನುಮತಿಯಿರುವ ಫಾಂಟುಗಳನ್ನೇ ಆರಿಸುತ್ತೇವೆ. ಅಂಥವು ಈಗ ಕನ್ನಡದಲ್ಲಿಯೂ ಸಾಕಷ್ಟಿವೆ. ಕೇದಗೆ, ಮಲ್ಲಿಗೆ, ನವಿಲು, ಗುಬ್ಬಿ ಎಂದು ಅವುಗಳಿಗೆ ಹೂವಿನ, ಹಕ್ಕಿಯ ಹೆಸರಿಟ್ಟವರ ರಸಿಕತೆ ಮೆಚ್ಚತಕ್ಕದ್ದು.

ಪಿ.ಡಿ.ಎಫ್. ಪ್ರತಿಯನ್ನೂ ಇಡುತ್ತೇವೆ, ಅದರೊಳಗೆ ಅಕ್ಷರದ ಆಕಾರವೇ ಅಡಕವಾಗಿರುವುದರಿಂದ ಅದು ಗರಿಗೆ ಅಂಟಿದ ಅಕ್ಷರವಿದ್ದಂತೆ. ಆದರೆ ಹಳೆಯ ಸಂಕೇತದ ಪಿ.ಡಿ.ಎಫ್. ಕಣ್ಣಿಗೆ ಕನ್ನಡವಾಗಿ ಕಂಡರೂ, ಅದರಲ್ಲಿ ‘ಕನ್ನಡ’ ಎಂಬ ಮಾತನ್ನು ಹುಡುಕು ಎಂದರೆ ಯಂತ್ರವು ಇಲ್ಲವೆನ್ನುತ್ತದೆ. ಒಳಗಿರುವುದು ಅದೇ ಪೌಂಡಿನ ಗುರುತು. ಸರಿಯಾದ ಫಾಂಟು ಕೈಯಲ್ಲಿದ್ದರೂ ನಿಶ್ಚಿಂತೆಯಿಲ್ಲ. ಒಂದು ಕಾಲಕ್ಕೆ ಅಚ್ಚಿನ ಲೋಕವನ್ನೇ ಆಳಿದ ಟೈಪ್ ಒನ್ ಎಂಬ ಬಗೆಯ ಫಾಂಟುಗಳಿಗೆ ಅಡೋಬಿ ಸಂಸ್ಥೆಯವರೇ 2023ರ ಜನವರಿಯಲ್ಲಿ ತಮ್ಮ ತಂತ್ರಾಂಶಗಳ ಬಾಗಿಲು ಮುಚ್ಚಿದರು. ಆದುದರಿಂದ ಕೊನೆಯದಾಗಿ, ಕಾಗದದ ಒಂದು ಪ್ರತಿ. ಹಳೆಯ ಕಡತಗಳು ಮನೆಯಲ್ಲಿರುವವರು ಅವನ್ನು ಬರೆದವರು ಇರುವಾಗಲೇ ತೆರೆದು, ಅವರ ಎದುರಿಗೇ ಓದಿಸಿ, ಪರಿವರ್ತಿಸಿ ಇಟ್ಟುಕೊಳ್ಳಬೇಕೆಂದು ನನ್ನ ವಿಜ್ಞಾಪನೆ. ಫಾಂಟನ್ನು ಅಟ್ಟದಿಂದ ಇಳಿಸಬಹುದು. ಬರೆದವರನ್ನು ಎಲ್ಲಿಂದ ಕರೆತರುವುದು?

ಉಪಾಧ್ಯಾಯರ ಸಂಗ್ರಹವು ಪತ್ರಿಕೆಯಲ್ಲಿ ಕಂತುಕಂತಾಗಿ ಬಂದು ಮುಗಿಯಿತು. ಮೂರನೆಯ ಕಂತು ಹೊರಬಿದ್ದ ಮೇಲೆ ನಾನೊಮ್ಮೆ ಆ ಮಗಳ ಮನೆಗೆ ಹೋಗಿದ್ದೆ. ತೋಡಬರಿ ಎಲ್ಲಿ ಎಂದು ಕೇಳಿದಾಗ ಅವರು ಅಂಗಳದ ಅಂಚಿಗೆ ಕರೆದೊಯ್ದು ತೋರಿಸಿದರು. ಗದ್ದೆಯಲ್ಲಿ ಬೇಸಾಯ ನಿಂತು ಅಡಕೆಯ ಸಸಿಗಳು ಎದ್ದಿದ್ದುವು. ತೋಡು ಎಲ್ಲಿ ಎಂದು ಕೇಳಿದೆ. ರಸ್ತೆಯನ್ನು ಅಗಲ ಮಾಡುವಾಗ ಅದನ್ನು ಮುಚ್ಚಿ ವರ್ಷಗಳಾದುವೆಂದೂ, ಅವರ ಮಕ್ಕಳು ಅದನ್ನು ನೋಡಿಯೇ ಇಲ್ಲವೆಂದೂ ಹೇಳಿದರು. ಅಲ್ಲಿ ಒಂದು ತೋಡಿತ್ತು ಎನ್ನುವುದಕ್ಕೆ ಈಗ ಉಳಿದಿರುವ ಸಾಕ್ಷಿ ಆ ಹೆಸರಿನ ದೀರ್ಘವೊಂದೇ.